ಬಾರ್ಬರಾ ಕ್ಯಾಸಲ್ ಅವರ ರಾಜಕೀಯ ಜೀವನವನ್ನು ಅಭ್ಯಸಿಸುವ ಬಗೆ
ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುವವರು ಬ್ರಿಟನ್ನಿನ ಲೇಬರ್ ಪಕ್ಷದ ಈ ಮಾಜಿ ಸಚಿವೆಯ ಕುರಿತು ಪ್ರಬಂಧ ಬರೆಯುವಾಗ, ಖಾತೆಗಳ ಪಟ್ಟಿಯನ್ನು ಬಾಯಿಪಾಠ ಮಾಡದೆ, ಅವರು ತಂದ ಒಂದೊಂದು ಕಾನೂನನ್ನೇ ಹಿಡಿದು ಸಾಗಬೇಕು. 1945ರಿಂದ 1979ರವರೆಗೆ ಬ್ಲ್ಯಾಕ್‌ಬರ್ನ್ ಸಂಸದೆಯಾಗಿದ್ದರೆಂಬುದಕ್ಕೆ ಒಂದು ಸಾಲು ಸಾಕು.

ಸಾರಿಗೆ ಸಚಿವೆಯಾಗಿ ಅವರು ತಂದ 1967ರ ರಸ್ತೆ ಸುರಕ್ಷತಾ ಕಾಯ್ದೆಯು 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮದ್ಯಸಾರದ ಮಿತಿ ಹಾಕಿ, ಚಾಲಕರ ಉಸಿರು ಪರೀಕ್ಷೆಗೆ ದಾರಿ ಮಾಡಿತು.

ಹೆಚ್ಚು ಪುಟಗಳನ್ನು ಸಮಾನ ವೇತನಕ್ಕೆ ಮೀಸಲಿಡಿ. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ತಿರುಳು ಅದೇ. 1968ರಲ್ಲಿ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಕವರ್ ಹೊಲಿಯುತ್ತಿದ್ದ ಮಹಿಳೆಯರು ಮುಷ್ಕರ ಹೂಡಿದಾಗ ಅವರೊಂದಿಗೆ ಮಾತುಕತೆಗೆ ಕುಳಿತ ಈ ಸಚಿವೆಯೇ 1970ರ ಸಮಾನ ವೇತನ ಕಾಯ್ದೆಯನ್ನು ರೂಪಿಸಿದರು. ಕಾರ್ಮಿಕ ಸಂಘಗಳ ಸುಧಾರಣೆಗೆಂದು 1969ರಲ್ಲಿ ಮಂಡಿಸಿದ ಶ್ವೇತಪತ್ರ ಸ್ವಪಕ್ಷದ ವಿರೋಧದಿಂದಲೇ ಬಿದ್ದುಹೋದುದನ್ನೂ ಮುಚ್ಚಿಡದೆ ಬರೆಯಿರಿ. ಬ್ರಿಟನ್ನಿನ ಸಂಸತ್ತಿನ ಚರ್ಚೆಗಳು ಅವುಗಳ ಅಧಿಕೃತ ದಾಖಲೆಯಾದ ಹ್ಯಾನ್ಸಾರ್ಡ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದಿನಾಂಕಗಳನ್ನು ಅಲ್ಲಿಯೇ ತಾಳೆ ನೋಡಿ.