ಮೋಟಾರ್ ಬದಲಿಸಿ ಸೋತೆ, ವೈರಿಂಗ್ ಬದಲಿಸಿ ಗೆದ್ದೆ

ಮೇಜಿನ ಮೇಲಿನ ಸಣ್ಣ ಮಿಲ್ಲನ್ನು (ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರ) ಸಿಎನ್‌ಸಿ ಮಾಡ್ತೀನಿ, ಅಂದರೆ ಕಂಪ್ಯೂಟರ್ ಹೇಳಿದಂತೆ ತಾನೇ ಓಡುವ ಹಾಗೆ ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ಸ್ಟೆಪರ್ ಹಾಕಿದರೆ ಸ್ಟೆಪ್ ತಪ್ಪುತ್ತೆ, ಸರ್ವೋನೇ ಹಾಕು." ಸ್ಟೆಪರ್ ಅಂದರೆ ಎಣಿಸಿದಷ್ಟು ಸಣ್ಣ ಹೆಜ್ಜೆ ತಿರುಗುವ ಮೋಟಾರ್; ಸರ್ವೋ ಎಲ್ಲಿದ್ದೇನೆ ಅಂತ ನೋಡಿಕೊಂಡು ತಾನೇ ತಿದ್ದಿಕೊಳ್ಳುತ್ತೆ. ಸರ್ವೋ ಸೆಟ್ಟಿನ ಬೆಲೆ ಮಿಲ್ಲಿಗಿಂತ ಜಾಸ್ತಿ ಇತ್ತು. ನಾನು ಸ್ಟೆಪರ್‌ನಲ್ಲೇ ಮಾಡಿದೆ. ಮೊನ್ನೆ ಆರು ಗಂಟೆ ಒಂದೇ ಸಮನೆ ಅಲ್ಯೂಮಿನಿಯಂ ಕೊರೆಸಿ, ಮತ್ತೆ ಸೊನ್ನೆಗೆ ತಂದು ನಿಲ್ಲಿಸಿದೆ. ಸೂಕ್ಷ್ಮ ಅಳತೆಯ ಡಯಲ್ ಗೇಜಿನ ಮುಳ್ಳು ಹೊರಟ ಗೆರೆಯ ಮೇಲೇ ಬಂದು ಕೂತಿತು.

ಅಲ್ಲಿಗೆ ಬರೋಕೆ ಮುಂಚೆ ದುಡ್ಡು ತುಂಬಾ ಹೋಯಿತು. ಮೊದಲು ಕೊಂಡಿದ್ದು ಮೂರು ಅಕ್ಷಕ್ಕೂ ಸೇರಿದ ಒಂದು ಅಗ್ಗದ ಡ್ರೈವರ್ ಬೋರ್ಡ್ (ಮೋಟಾರಿಗೆ ಕರೆಂಟ್ ಕೊಡುವುದು), 24 ವೋಲ್ಟಿನ ಸಪ್ಲೈ. ನಿಮಿಷಕ್ಕೆ ಸುಮಾರು 1200 ಮಿ.ಮೀ. ದಾಟಿದರೆ ನೇಮಾ 23 ಅಳತೆಯ ಮೋಟಾರ್ ಕಿರ್ ಅಂತ ಕೂಗಿ ನಿಂತುಬಿಡುತ್ತಿತ್ತು. ತಾಕತ್ತು ಸಾಲದು ಅಂದುಕೊಂಡು ಇನ್ನೂ ದೊಡ್ಡ ಮೋಟಾರ್ ತಂದೆ. ಅದರ ಇಂಡಕ್ಟೆನ್ಸ್ (ಸುರುಳಿಯಲ್ಲಿ ಕರೆಂಟ್ ಬೇಗ ಏರದಂತೆ ತಡೆಯುವ ಗುಣ) ಇನ್ನೂ ಜಾಸ್ತಿ, 1000ಕ್ಕೇ ನಿಂತಿತು. ಆ ಮೂರು ಮೋಟಾರ್ ಈಗಲೂ ಡಬ್ಬದಲ್ಲೇ ಇವೆ.

ಆಮೇಲೆ ಹಳೇ ಮೋಟಾರನ್ನೇ ಸರಿಯಾಗಿ ನೋಡಿದೆ. ಎಂಟು ವೈರಿನದು. ನಾನು ಸುರುಳಿಗಳನ್ನು ಸೀರೀಸ್‌ನಲ್ಲಿ ಜೋಡಿಸಿದ್ದೆ, ಇಂಡಕ್ಟೆನ್ಸ್ ಸುಮಾರು 10 ಮಿಲಿಹೆನ್ರಿ. ಪ್ಯಾರಲಲ್ ಮಾಡಿದರೆ ಕಾಲು ಭಾಗ, ಅಂದರೆ 2.5. ಕರೆಂಟ್ ಮಾತ್ರ ದುಪ್ಪಟ್ಟು, 4.2 ಆಂಪ್ ಬೇಕು. ಇಂಡಕ್ಟೆನ್ಸಿನ ವರ್ಗಮೂಲವನ್ನು 32ರಿಂದ ಗುಣಿಸುವ ಹಳೇ ಲೆಕ್ಕದಲ್ಲಿ ಸಪ್ಲೈಗೆ ಹೆಚ್ಚೆಂದರೆ 50 ವೋಲ್ಟ್ ಬರುತ್ತೆ. ಹಾಗಾಗಿ 48 ವೋಲ್ಟಿನ ಸಪ್ಲೈ, ಅಕ್ಷಕ್ಕೊಂದು ಡ್ರೈವರ್ ತಂದೆ.

ಇಲ್ಲೇ ನಾನು ಜಿಪುಣತನ ಮಾಡಿದ್ದು. ಡ್ರೈವರ್‌ಗಳು 50 ವೋಲ್ಟ್ ತಾಳುವಂಥವು. ಝಡ್ ಅಕ್ಷದ ಭಾರವಾದ ಹೆಡ್ ವೇಗವಾಗಿ ಇಳಿದು ಥಟ್ಟನೆ ನಿಂತಾಗ ಮೋಟಾರೇ ಜನರೇಟರ್ ಆಗಿ ಡ್ರೈವರ್‌ಗೆ ವೋಲ್ಟೇಜ್ ವಾಪಸ್ ತಳ್ಳುತ್ತೆ. ಎರಡನೇ ದಿನ ಟಪ್ ಅಂತ ಸದ್ದು, ಸುಟ್ಟ ವಾಸನೆ. ಈಗ ಮೂರಕ್ಕೂ 80 ವೋಲ್ಟ್ ತಾಳುವ ಡ್ರೈವರ್ ಇದೆ. 3500ರಲ್ಲಿ ಆರಾಮಾಗಿ ಓಡುತ್ತೆ.

ಕಂಟ್ರೋಲರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರನ್ನು ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ, ಎಷ್ಟು ತಡವರಿಸುತ್ತೆ ಅಂತ ನೋಡುವ ಲೇಟೆನ್ಸಿ ಟೆಸ್ಟ್‌ನಲ್ಲೇ ಕೈಬಿಟ್ಟೆ. ಆರ್ಡುಯಿನೋ ಊನೋ ಅನ್ನೋ ಪುಟ್ಟ ಬೋರ್ಡಿನ ಮೇಲೆ ಅಂಥದ್ದೇ ಸಾಫ್ಟ್‌ವೇರ್ ಜಿಆರ್‌ಬಿಎಲ್ ಸಾಕಾಯಿತು. ಒಂದು ಸುತ್ತಿನಲ್ಲಿ 5 ಮಿ.ಮೀ. ಸರಿಸುವ ಬಾಲ್ ಸ್ಕ್ರೂ, ಪ್ರತಿ ಸುತ್ತಿನಲ್ಲಿ 1600 ಸ್ಟೆಪ್, ಮಿ.ಮೀ.ಗೆ 320. ನನ್ನ ವೇಗಕ್ಕೆ ಸೆಕೆಂಡಿಗೆ 19 ಸಾವಿರ ಪಲ್ಸ್ ಹತ್ತಿರ ಬೇಕು, ಜಿಆರ್‌ಬಿಎಲ್ 30 ಸಾವಿರದವರೆಗೆ ಕೊಡುತ್ತೆ.

ಟೂಲ್ ತಿರುಗಿಸುವ ಸ್ಪಿಂಡಲ್ ಆನ್ ಮಾಡಿದ ಕೂಡಲೇ, ಅಕ್ಷ ತುದಿ ಮುಟ್ಟದಿದ್ದರೂ, ವಿದ್ಯುತ್ ಗದ್ದಲಕ್ಕೆ ಲಿಮಿಟ್ ಅಲಾರಂ ಹೊಡೆಯುತ್ತಿದ್ದುದು ಮಾತ್ರ ಒಂದು ವಾರ ತಿಂದಿತು. ಲಿಮಿಟ್ ಸ್ವಿಚ್‌ಗಳನ್ನು ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಕರೆಂಟ್ ಹರಿಯುವಂತೆ) ಮಾಡಿದೆ, ಶೀಲ್ಡ್ ಕೇಬಲ್ ಎಳೆದು ಒಂದೇ ತುದಿಯಲ್ಲಿ ಅರ್ಥ್ ಕೊಟ್ಟೆ, ಬೋರ್ಡಿನ ಪಿನ್ನಿಗೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ. ಆಮೇಲೆ ಒಂದು ಸಲವೂ ಬಡಿದಿಲ್ಲ.

ಸುಟ್ಟಿದ್ದು, ಡಬ್ಬಕ್ಕೆ ಹೋದದ್ದು ಬಿಟ್ಟರೆ ಎಲೆಕ್ಟ್ರಾನಿಕ್ಸ್‌ಗೆ ಮಿಲ್ಲಿನ ಅರ್ಧ ಬೆಲೆ ಆಗಿರಬಹುದು. ಅವನ್ನೂ ಸೇರಿಸಿದರೆ ಮುಕ್ಕಾಲು.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಮೋಟಾರಿನ ಹಿಂದಿನ ಶಾಫ್ಟಿಗೆ ಒಂದು ಹಬ್, ಅದರ ಮೇಲೆ ರಬ್ಬರ್ ಓ-ರಿಂಗ್, ಅದರ ಮೇಲೆ ಸಡಿಲವಾಗಿ ತಿರುಗುವ ಉಕ್ಕಿನ ಬಳೆ. ಮಧ್ಯದ ವೇಗದಲ್ಲಿ ಬರುತ್ತಿದ್ದ ನಡುಕ ಅಡಗಿತು. ಕೈ ಇಟ್ಟರೆ ಮೋಟಾರ್ ಓಡುತ್ತಿರುವುದೇ ಗೊತ್ತಾಗಲ್ಲ. ಬಳೆಯ ತೂಕ ಎಷ್ಟು, ಒಳಗೆ ಏನು ಸವರಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಝಡ್‌ಗೂ ಒಂದು ಬಳೆ ಕಡೆಯುತ್ತಿದ್ದೇನೆ.