ಶುಗರ್ ಇದೆಯಾ? ಒಮ್ಮೆ ಕೈಮುಗಿದು ನೋಡಿ

ಎರಡೂ ಅಂಗೈ ಜೋಡಿಸಿ, ಮೊಣಕೈ ಅಗಲಿಸಿ, ಬೆರಳುಗಳನ್ನು ಒಂದಕ್ಕೊಂದು ಚೆನ್ನಾಗಿ ಒತ್ತಿ. ಬೆರಳುಗಳ ಮಧ್ಯೆ, ಅದರಲ್ಲೂ ಕಿರುಬೆರಳಿನ ಕಡೆ ಸಂದು ಉಳಿಯುತ್ತಾ? ಅಂಗೈ ಪೂರ್ತಿ ಕೂಡ್ತಾ ಇಲ್ವಾ? ನೋವಿಲ್ಲ ಅಂತ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಬೆರಳು ಹೀಗೆ ಬಿಗಿಯಾದವರಲ್ಲಿ ಕಣ್ಣು, ಕಿಡ್ನಿ ತೊಂದರೆಯೂ ಜಾಸ್ತಿ ಕಾಣುತ್ತದೆ.

ಇದಕ್ಕೆ ಕಾರಣ ಕೊಲಾಜನ್. ಚರ್ಮಕ್ಕೆ, ಕೀಲಿಗೆ ಗಟ್ಟಿತನ ಕೊಡುವ ಎಳೆಗಳು ಇವು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟು ದಿನ ಅದು ಈ ಎಳೆಗಳಿಗೆ ಅಂಟುತ್ತಾ ಹೋಗುತ್ತದೆ, ಆಮೇಲೆ ಎಳೆ ಎಳೆ ಸೇರಿ ಗಂಟು ಬೀಳುತ್ತದೆ, ಚರ್ಮ ದಪ್ಪಗಾಗಿ ಬಿಗಿಯುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಕಥೆ ಮಾತ್ರ. ಚರ್ಮದ ಕೊಲಾಜನ್ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ಅಂದರೆ ಈ ಸಲದ ರಿಪೋರ್ಟ್ ಚೆನ್ನಾಗಿ ಬಂದರೂ ಹಳೆಯ ಸಕ್ಕರೆಯ ಲೆಕ್ಕ ಚರ್ಮದಲ್ಲಿ ಉಳಿದೇ ಇರುತ್ತದೆ. ಈ ಗಂಟು ಬಿಚ್ಚುತ್ತದೆ ಅಂತ ಕೊಲಾಜನ್ ಪುಡಿಗೆ ದುಡ್ಡು ಸುರಿಯಬೇಡಿ. ತಿಂದ ಕೊಲಾಜನ್ ಹೊಟ್ಟೆಯಲ್ಲಿ ಬೇರೆ ಪ್ರೋಟೀನ್ ಥರಾನೇ ಜೀರ್ಣವಾಗುತ್ತದೆ. ಹೊಸ ಗಂಟು ಬೀಳೋದನ್ನು ಕಡಿಮೆ ಮಾಡೋಕೆ ಮುಖ್ಯ ದಾರಿ ಶುಗರ್ ಹತೋಟಿ.

ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದು ಕೊಳೆ ಅಲ್ಲ. ದಯವಿಟ್ಟು ಮಕ್ಕಳ ಕತ್ತನ್ನು ಕಡಲೆಹಿಟ್ಟು ಹಾಕಿ ಉಜ್ಜಬೇಡಿ, ಬೈಯಲೂ ಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನುವ ಸೂಚನೆ ಇರಬಹುದು, ರಕ್ತಪರೀಕ್ಷೆ ಮಾಡಿಸಿ. ಮೊಣಕಾಲ ಕೆಳಗೆ ಮುಂಭಾಗದಲ್ಲಿ ಕಂದು ಕಲೆಗಳಿದ್ದರೆ ಸಾಮಾನ್ಯವಾಗಿ ಅವು ತೊಂದರೆ ಕೊಡುವುದಿಲ್ಲ.

ನಿಜವಾದ ಭಯ ಪಾದದ್ದು. ಶುಗರ್‌ನಿಂದ ಪಾದದ ನರ ಸೋತರೆ ಬೆವರು ಕಡಿಮೆಯಾಗುತ್ತದೆ, ಹಿಮ್ಮಡಿ ಒಣಗಿ ಬಿರಿಯುತ್ತದೆ, ಆ ಬಿರುಕಿನಲ್ಲಿ ಸೋಂಕು ಹೊಕ್ಕರೂ ನೋವೇ ಗೊತ್ತಾಗುವುದಿಲ್ಲ. ಹಾಗಾಗಿ ದಿನಾ ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳಿ. ಬಗ್ಗೋಕೆ ಆಗಲ್ವಾ? ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿ, ಇಲ್ಲ ಮನೆಯವರಿಗೆ ಹೇಳಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ, ಬೆರಳ ಸಂದಿಯನ್ನಂತೂ ಪೂರ್ತಿ ಒಣಗಿಸಿ. ಯೂರಿಯಾ ಇರುವ ಕ್ರೀಮನ್ನು ಹಿಮ್ಮಡಿಗೆ, ಅಂಗಾಲಿಗೆ ಹಚ್ಚಿ, ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಫಂಗಸ್ ಬರುತ್ತದೆ. ಬಕೆಟ್ಟಿನ ನೀರಿನ ಬಿಸಿಯನ್ನು ಕಾಲಿನಿಂದ ನೋಡಬೇಡಿ, ಮೊಣಕೈ ಅದ್ದಿ ನೋಡಿ. ಆಣಿಗೆ ಅಂಗಡಿಯಲ್ಲಿ ಸಿಗುವ ಆಸಿಡ್ ಪಟ್ಟಿ ಅಂಟಿಸುವುದು, ಬ್ಲೇಡಿನಲ್ಲಿ ಕೆತ್ತುವುದು ಎರಡೂ ಬೇಡವೇ ಬೇಡ.

ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬೇಡಿ. ಸ್ಪರ್ಶ ಕಳೆದುಕೊಂಡ ಪಾದ ಸುಟ್ಟು ಬೊಬ್ಬೆ ಎದ್ದರೂ ನಿಮಗೆ ತಿಳಿಯಲ್ಲ. ಬೆಳಗ್ಗೆ ಬೇಗ ಹೋಗಿ, ದಪ್ಪ ಸಾಕ್ಸ್ ಹಾಕಿಕೊಳ್ಳಿ.

ಗಾಯದ ಸುತ್ತ ಕೆಂಪಾಗಿ ಊದಿದರೆ, ಬಿಸಿಯಾದರೆ, ಕೀವು ಅಥವಾ ವಾಸನೆ ಬಂದರೆ, ಬೆರಳು ಕಪ್ಪಾದರೆ ಅರಿಶಿನ ಹಚ್ಚಿ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾದದ ಸ್ಪರ್ಶ ಪರೀಕ್ಷೆ ಆಗಲೇಬೇಕು. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ, ನೋವೇನೂ ಆಗಲ್ಲ. ಡಾಕ್ಟರ್ ಕೇಳದಿದ್ದರೆ ನೀವೇ ಚಪ್ಪಲಿ ಬಿಚ್ಚಿ ಎರಡೂ ಪಾದ ತೋರಿಸಿ.