ಜೆರಾಕ್ಸ್ ಅಂಗಡಿಯ ಗೋಡೆ ಮೇಲೊಂದು ಕಾಡು

ಹನೂರು ಕಡೆಯ ಒಂದು ಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇನೆ, ಪಿಂಚಣಿ ಅರ್ಜಿ ತುಂಬುತ್ತೇನೆ, ಪಾಸ್‌ಪೋರ್ಟ್ ಸೈಜ್ ಫೋಟೋ ಹೊಡೆಯುತ್ತೇನೆ. ಕಾಡು, ಹುಲಿ ನನ್ನ ಕಸುಬಲ್ಲ. ಆದರೆ ಅಂಗಡಿ ಬಾಗಿಲಲ್ಲಿ ನಿಂತರೆ ಎದುರಿಗೆ ಕಾಣುವುದು ಮಲೆ ಮಹದೇಶ್ವರ ವನ್ಯಧಾಮದ ಬೆಟ್ಟಸಾಲು. ಆ ಬೆಟ್ಟದ ಬಗ್ಗೆ ಊರಲ್ಲಿ ಯಾರಿಗೆ ಏನೇ ಕಾಗದ ಬಂದರೂ, ಓದಿ ಹೇಳು ಅಂತ ಬರುವುದು ನನ್ನ ಹತ್ತಿರ. ಹಾಗೆ ಶುರುವಾಯಿತು ಇದು.

2013ರಲ್ಲಿ ಈ ಕಾಡನ್ನು ವನ್ಯಧಾಮ ಎಂದು ಘೋಷಿಸಿದರು. ಸುಮಾರು 906 ಚದರ ಕಿ.ಮೀ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಕಾವೇರಿ ವನ್ಯಧಾಮ, ಆಚೆಗೆ ತಮಿಳುನಾಡಿನ ಸತ್ಯಮಂಗಲ. ಗೆಜೆಟ್ ಯಾರು ನೋಡುತ್ತಾರೆ? ಊರಿಗೆ ಸುದ್ದಿ ಬಂದದ್ದು ಟೀ ಅಂಗಡಿ ದಾರಿಯಲ್ಲಿ. ಅಲ್ಲಿಂದ ನನ್ನ ಅಂಗಡಿಗೆ ಬರುವಷ್ಟರಲ್ಲಿ ಅದು 'ಊರು ಎತ್ತಂಗಡಿ' ಆಗಿತ್ತು. ಆಮೇಲೆ ಇಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಗುತ್ತದಂತೆ ಎಂಬ ಮಾತು ಬಂತು. ಅದು ಬಂದಾಗಲೆಲ್ಲ ಪಹಣಿ ಕೇಳುವವರು ಜಾಸ್ತಿ ಆಗುತ್ತಿದ್ದರು. ನನಗೆ ವ್ಯಾಪಾರ, ಅವರಿಗೆ ನಿದ್ದೆ ಇಲ್ಲ.

ಓದಿದವನು ನಾನು, ತಿಳಿಹೇಳಬೇಕು ಅನ್ನಿಸಿತು. ಒಂದು ರೀಮ್ ಕಾಗದ ಖರ್ಚು ಮಾಡಿ ಕರಪತ್ರ ಹೊಡೆದೆ. ಮೇಲೆ ಹುಲಿ ಚಿತ್ರ. ಕೆಳಗೆ 1972ರ ವನ್ಯಜೀವಿ ಕಾಯ್ದೆ, ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನ, ಐದು ಹುಲಿ ಸಂರಕ್ಷಿತ ಪ್ರದೇಶದ ಹೆಸರು, ಕಾಡಿದ್ದರೆ ಮಳೆ, ಮಳೆ ಇದ್ದರೆ ಬೆಳೆ ಅಂತೆಲ್ಲ. ಸಂತೆ ದಿನ ಹಂಚಿದೆ. ಮುಂದಿನ ವಾರ ಅದೇ ಸಂತೆಯಲ್ಲಿ ಬೋಂಡ ಕಟ್ಟಿಸಿಕೊಂಡೆ. ಬೋಂಡ ಸುತ್ತಿಕೊಟ್ಟಿದ್ದು ನನ್ನದೇ ಕರಪತ್ರದಲ್ಲಿ. ಎಣ್ಣೆ ಇಳಿದು ಹುಲಿ ಮುಖ ಆರ್‌ಪಾರ್ ಕಾಣುತ್ತಿತ್ತು.

ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ತಪ್ಪು ಎಲ್ಲಿ ಅಂತ ತೋರಿಸಿಕೊಟ್ಟಿದ್ದು ಒಬ್ಬ ದೊಡ್ಡವ್ವ. ನಾನು ಹಾಳೆ ಓದಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಎಲೆ ಅಡಿಕೆ ಉಗುಳಿ ಬಂದು, "ಇದೆಲ್ಲಾ ಸರಿ ಕನ ಮಗ. ನಮ್ ಎರಡೆಕ್ರೆ ಒಳ್ಗದಾ ಹೊರ್ಗದಾ? ಅದ ಹೇಳು" ಅಂದಳು.

ಅದು ನನಗೆ ಗೊತ್ತಿರಲಿಲ್ಲ.

ಮಾರನೇ ದಿನದಿಂದ ಅದೊಂದೇ ಕೆಲಸ ಹಿಡಿದೆ. ಘೋಷಣೆಯ ಪ್ರತಿ ಹುಡುಕಿ ತೆಗೆದೆ. ಗಡಿ ವಿವರ ಓದುವುದು ಸುಲಭದ ಮಾತಲ್ಲ. ಇಂಥ ಗಡಿ ಕಲ್ಲಿನಿಂದ ಹೊರಟು, ಹಳ್ಳ ಹಿಡಿದು, ಆ ಊರಿನ ಎಲ್ಲೆ ಮುಟ್ಟಿ, ಮತ್ತೆ ತಿರುಗಿ ಅಂತ ಪುಟಗಟ್ಟಲೆ ಹೋಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡೆ. ಜಮೀನಿನಲ್ಲಿ ನಿಂತರೆ ಅದು ಸರ್ವೆ ನಂಬರ್ ತೋರಿಸುತ್ತದೆ. ಒಂದು ಕೈಯಲ್ಲಿ ಪಹಣಿ, ಇನ್ನೊಂದರಲ್ಲಿ ಮೊಬೈಲು, ಜೊತೆಗೆ ಊರಿನ ಗಡಿ ಕಲ್ಲುಗಳ ನೆನಪಿರುವ ಇಬ್ಬರು ಹಿರಿಯರು. ಹೀಗೆ ಭಾನುವಾರ ಭಾನುವಾರ ಅಲೆದೆವು. ದೊಡ್ಡವ್ವನ ಎರಡೆಕರೆ ಕಂದಾಯದ ಹಿಡುವಳಿ ಜಮೀನು. ವನ್ಯಧಾಮದ ಗೆರೆ ಅದರಿಂದಾಚೆಗಿನ ಮೀಸಲು ಅರಣ್ಯದಲ್ಲೇ ಇತ್ತು. ಹೇಳಿದಾಗ ಅವಳು ಖುಷಿಯೇನೂ ಪಡಲಿಲ್ಲ. "ಬರ್ದು ಕೊಡು" ಅಂದಳು. ನಾನು ಬರೆದುಕೊಟ್ಟರೆ ಅದಕ್ಕೆ ಬೆಲೆ ಇಲ್ಲ ದೊಡ್ಡವ್ವ, ಸರ್ವೆ ಇಲಾಖೆಯಿಂದ ಅಳತೆ ಆಗಬೇಕು ಅಂತ ಅರ್ಜಿ ತುಂಬಿಕೊಟ್ಟೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊಬೈಲ್ ತೋರಿಸುವ ಗೆರೆ ಹತ್ತಿಪ್ಪತ್ತು ಅಡಿ ಅತ್ತಿತ್ತ ಆಗುತ್ತದೆ. ಗಡಿಗೆ ಅಂಟಿಕೊಂಡಿರುವ ಜಮೀನಿಗೆ ಆ್ಯಪ್ ನಂಬಿ ಭರವಸೆ ಕೊಡಬಾರದು. ನಾನು ಒಂದು ಸಲ ಕೊಟ್ಟು ಬೈಸಿಕೊಂಡಿದ್ದೇನೆ.

ಆಮೇಲೆ ಗೋಡೆ ನಕ್ಷೆ ಬರೆಸಿದೆ. ಬೋರ್ಡ್ ಬರೆಯುವ ಹುಡುಗನನ್ನು ಕರೆಸಿ, ಅಂಗಡಿಯ ಹೊರಗೋಡೆಗೆ ಸುಣ್ಣ ಹೊಡೆಸಿ, ಕಾಡಿಗೆ ಹಸಿರು, ಹಿಡುವಳಿಗೆ ಹಳದಿ, ಹಳ್ಳಕ್ಕೆ ನೀಲಿ. ಊರ ಹೆಸರು, ಮಾರಮ್ಮನ ಗುಡಿ, ಕೆರೆ, ಆನೆ ದಾಟುವ ಎರಡು ಕಡೆ. ಕರಪತ್ರ ಹಿಡಿದು ಓದದವರೂ ಗೋಡೆ ಮುಂದೆ ನಿಂತು ಅರ್ಧ ಗಂಟೆ ಜಗಳ ಆಡಿದರು. ಹಳ್ಳದ ತಿರುವು ತಪ್ಪಾಗಿದೆ ಅಂತ. ನಿಜಕ್ಕೂ ತಪ್ಪಾಗಿತ್ತು, ತಿದ್ದಿಸಿದೆ.

ಇನ್ನೊಂದು ದೊಡ್ಡ ಗೋಜಲು ಹೆಸರುಗಳದ್ದು. ವನ್ಯಧಾಮ, ಹುಲಿ ಸಂರಕ್ಷಿತ ಪ್ರದೇಶ, ಅದರ ಒಳಭಾಗವಾದ ಕೋರ್, ಕೋರ್ ಸುತ್ತಲಿನ ಬಫರ್, ಪರಿಸರ ಸೂಕ್ಷ್ಮ ವಲಯ. ಜನಕ್ಕೆ ಎಲ್ಲವೂ ಒಂದೇ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಸಂರಕ್ಷಿತ ಕಾಡುಗಳ ಸುತ್ತ ಕನಿಷ್ಠ 1 ಕಿ.ಮೀ. ಸೂಕ್ಷ್ಮ ವಲಯ ಇರಬೇಕು ಅಂದಾಗ, ನಮ್ಮಲ್ಲಿ ಒಂದು ಕಿಲೋಮೀಟರ್ ಒಳಗಿನ ಮನೆಯೆಲ್ಲ ಒಡೆಯುತ್ತಾರೆ ಅಂತ ಹಬ್ಬಿತು. ಮುಂದಿನ ಏಪ್ರಿಲ್‌ನಲ್ಲಿ ಕೋರ್ಟೇ ಆ ಆದೇಶ ಸಡಿಲಿಸಿತು. ಆ ಸುದ್ದಿ ಮಾತ್ರ ಊರಿಗೆ ಬರಲೇ ಇಲ್ಲ. ಹೆದರಿಸುವ ಸುದ್ದಿಗೆ ಇರುವ ಕಾಲು ಇದಕ್ಕೆಲ್ಲಿ?

ಅರ್ಥ ಮಾಡಿಸಲು ನಾನೊಂದು ಹೋಲಿಕೆ ಕಟ್ಟಿದ್ದೆ. ಕೋರ್ ಅಂದರೆ ದೇವರ ಕೋಣೆ. ಬಫರ್ ಅಂದರೆ ಪಡಸಾಲೆ. ಸೂಕ್ಷ್ಮ ವಲಯ ಅಂದರೆ ಮನೆ ಮುಂದಿನ ಜಗಲಿ. ಜಗಲಿಯಲ್ಲಿ ರಾಗಿ ಒಣಗಿಸಬಹುದು, ಮಾಡುವ ಬೇಸಾಯ ಮಾಡಿಕೊಂಡಿರಬಹುದು. ಕಲ್ಲು ಗಣಿ, ಕ್ರಷರ್ ಮಾತ್ರ ಇಡುವಂತಿಲ್ಲ. ಊರ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆದೂಗಿದರು. ನಾನು ಉಬ್ಬಿಹೋದೆ. ಅದನ್ನೇ ಕಾಡಿನ ಬುಡಕಟ್ಟಿನವರಾದ ಸೋಲಿಗರ ಪೋಡಿಗೆ, ಅಂದರೆ ಅವರ ಹಾಡಿಗೆ, ಹೋಗಿ ಹೇಳಿದೆ. ಒಬ್ಬರು ಅಜ್ಜ ಬೀಡಿ ಆರಿಸಿ, "ನಮ್ಮಪ್ಪ ಹುಟ್ಟಿದ್ದು ನಿನ್ನ ದೇವರ ಕೋಣೇಲೇ ಕನಪ್ಪ" ಅಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಹೋಲಿಕೆ ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಿದ್ದ ಮಾಹಿತಿ ಬೇರೆಯೇ. 2006ರ ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ, ಗ್ರಾಮಸಭೆಯಲ್ಲಿ ಅರ್ಜಿ ಹೇಗೆ ಕೊಡಬೇಕು, ಹುಲಿ ಸಂರಕ್ಷಿತ ಪ್ರದೇಶ ಆದರೂ ಹಕ್ಕು ಉಳಿಯುತ್ತದಾ. ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇತ್ತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಕೋರ್‌ನಿಂದ ಹೊರಹೋಗುವುದು ಒಪ್ಪಿಗೆಯ ಮೇಲೆ ಮಾತ್ರ ಅಂತ ಕಾನೂನೇ ಹೇಳುತ್ತದೆ. ಅದಕ್ಕೂ ಮೊದಲು ಹಕ್ಕುಗಳು ಇತ್ಯರ್ಥ ಆಗಬೇಕು, ಗ್ರಾಮಸಭೆ ಒಪ್ಪಬೇಕು. ಕಾಗದದಲ್ಲಿ ಇರುವಂತೆ ಎಲ್ಲ ಕಡೆ ನಡೆದಿದೆ ಅಂತ ನಾನು ಹೇಳಲಾರೆ. ಆದರೆ ಕಾಗದದಲ್ಲಿ ಇದೆ ಅಂತ ಗೊತ್ತಿದ್ದರೆ ಸಭೆಯಲ್ಲಿ ಎದ್ದು ಕೇಳಬಹುದು ಅಲ್ವಾ? ಇದನ್ನೆಲ್ಲ ಅಚ್ಚು ಹಾಕಿಸಲಿಲ್ಲ. ಪೋಡಿನ ಒಬ್ಬಳು ಹುಡುಗಿಯಿಂದ ಅವರದೇ ಮಾತಿನಲ್ಲಿ ಹೇಳಿಸಿ, ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿದೆವು. ಒಂದೊಂದು ಎರಡು ನಿಮಿಷ. ಅದು ನನ್ನ ಕರಪತ್ರಕ್ಕಿಂತ ದೂರ ಹೋಯಿತು.

ಈಗ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಖರ್ಚಾಗುವ ಹಾಳೆ ಯಾವುದು ಗೊತ್ತಾ? ಅರ್ಧ ಹಾಳೆಯದ್ದು. ಚಿರತೆಯೋ ಹುಲಿಯೋ ದನ ಹಿಡಿದರೆ ಏನು ಮಾಡಬೇಕು ಅಂತ. ಸತ್ತ ದನವನ್ನು ಎಳೆಯಬೇಡಿ, ಹೂಳಬೇಡಿ. ಗಾಯ, ಹೆಜ್ಜೆ ಗುರುತು, ಸುತ್ತಲಿನ ಜಾಗ ಕಾಣುವ ಹಾಗೆ ಫೋಟೋ ತೆಗೆಯಿರಿ. ಹೆಜ್ಜೆ ಪಕ್ಕ ಒಂದು ಬೆಂಕಿಪೊಟ್ಟಣ ಇಡಿ, ಅಳತೆ ತಿಳಿಯುತ್ತದೆ. ಗಾರ್ಡ್‌ಗೆ ಫೋನ್ ಮಾಡಿ, ಎತ್ತದಿದ್ದರೆ ಅರಣ್ಯ ಸಹಾಯವಾಣಿ 1926. ಮಹಜರು ಆಗಬೇಕು, ದನದ ಡಾಕ್ಟರ ಸರ್ಟಿಫಿಕೇಟ್ ಬೇಕು. ಆಧಾರ್, ಪಾಸ್‌ಬುಕ್ ತನ್ನಿ, ಅರ್ಜಿ ನಾನು ಹಾಕುತ್ತೇನೆ. ಕಾಡಿನೊಳಗೆ ಮೇಯುವಾಗ ಸತ್ತರೆ ಪರಿಹಾರ ಸಿಗುವುದು ಕಷ್ಟ ಅಂತಲೂ ಅದರಲ್ಲೇ ಬರೆದಿದ್ದೇನೆ. ಮುಚ್ಚಿಟ್ಟರೆ ನಾಳೆ ನನ್ನ ಅಂಗಡಿ ಮೆಟ್ಟಿಲು ಯಾರೂ ಹತ್ತಲ್ಲ.

ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಸತ್ತ ದನಕ್ಕೆ ವಿಷ ಹಾಕಬೇಡಿ ಅಂತ ಇನ್ನೊಂದು ಸಾಲು ಸೇರಿದ್ದು 2025ರಲ್ಲಿ. ಆ ಜೂನ್ ಕೊನೆಯಲ್ಲಿ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಈ ಬೆಟ್ಟದ ದೇವರು ಮಹದೇಶ್ವರ, ನಮ್ಮ ಮಾದಪ್ಪ, ಹುಲಿ ಏರಿ ಬಂದವನು. ನಮ್ಮ ಮನೆಗಳಲ್ಲಿ ಅವನ ಪಟ ಇಲ್ಲದ ಗೋಡೆ ಇಲ್ಲ, ಪಟದಲ್ಲಿ ಹುಲಿ ಇಲ್ಲದ ಮಾದಪ್ಪ ಇಲ್ಲ. ಅವತ್ತು ಅಂಗಡಿ ಮುಂದೆ ಕೂತವರು ಯಾರೂ ಜಾಸ್ತಿ ಮಾತಾಡಲಿಲ್ಲ. ಒಬ್ಬರು ಮಾತ್ರ, "ಹಸು ಹೋದೋನ ಹೊಟ್ಟೆ ಉರೀನೂ ನೋಡ್ಬೇಕು" ಅಂದರು. ಅದೂ ಸುಳ್ಳಲ್ಲ. ಆ ಉರಿ ಇರುವಾಗಲೇ ಹಾಳೆ ಕೈಗೆ ಸಿಗಬೇಕು. ಹಾಗಾಗಿ ಹಾಲಿನ ಡೇರಿ, ಸೊಸೈಟಿ, ದೊಡ್ಡಿಗಳಿಗೂ ತಲುಪಿಸಿದೆ.

ಇಷ್ಟು ಹೇಳಿದ ಮೇಲೆ ನಾನು ಮಾಡಿದ ಕೆಟ್ಟ ತಪ್ಪನ್ನೂ ಹೇಳಬೇಕು. ಊರಿನ ವಾಟ್ಸಾಪ್ ಗುಂಪು ನಡೆಸುವುದು ನಾನೇ. ಒಂದು ರಾತ್ರಿ ಯಾರೋ ಚಿಪ್ಪುಹಂದಿಯ ವಿಡಿಯೋ ಕಳಿಸಿದರು. ಬಿಲದ ಬಾಯಲ್ಲಿ ಮಣ್ಣು ಕೆದರುತ್ತಾ ಇತ್ತು, ಬೆನ್ನ ಮೇಲಿನ ಚಿಪ್ಪು ಟಾರ್ಚ್ ಬೆಳಕಿಗೆ ಹೊಳೆಯುತ್ತಿತ್ತು. ಎಂಥ ಅಪರೂಪದ ಪ್ರಾಣಿ, ನಮ್ಮೂರಲ್ಲೂ ಇದೆ ನೋಡಿ ಅಂತ, ಯಾವ ಹಳ್ಳದ ಪಕ್ಕ ಅನ್ನುವುದನ್ನೂ ಸೇರಿಸಿ ಇನ್ನೂ ಮೂರು ಗುಂಪಿಗೆ ಕಳಿಸಿದೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಬಿಲವನ್ನು ಗುದ್ದಲಿಯಿಂದ ಅಗೆದಿದ್ದರು. ಹೊಸ ಮಣ್ಣು, ಎರಡು ಬೀಡಿ ತುಂಡು. ಚಿಪ್ಪಿಗಾಗಿ ಅದನ್ನು ಕದ್ದು ಮಾರುತ್ತಾರೆ ಅಂತ ನನ್ನ ಕರಪತ್ರದಲ್ಲೇ ಅಚ್ಚಾಗಿತ್ತು. ಪ್ರಾಣಿ ಸಿಕ್ಕಿತೋ ತಪ್ಪಿಸಿಕೊಂಡಿತೋ ಗೊತ್ತಾಗಲಿಲ್ಲ.

ಅವತ್ತಿನಿಂದ ಗುಂಪಿನಲ್ಲಿ ಒಂದು ಕಟ್ಟುಪಾಡು. ಆನೆ ರಸ್ತೆಗೆ ಬಂದಿದೆ, ರಾಗಿ ಹೊಲಕ್ಕೆ ಇಳಿದಿದೆ ಅಂದರೆ ತಕ್ಷಣ ಹಾಕಿ, ಜಾಗದ ಹೆಸರು ಸಮೇತ. ಅದು ಜೀವದ ಪ್ರಶ್ನೆ. ಬಿಲ, ಗೂಡು, ಮರಿ, ಚಿಪ್ಪುಹಂದಿ, ನಕ್ಷತ್ರ ಆಮೆ ಕಂಡರೆ ಗಾರ್ಡ್‌ಗೆ ಮಾತ್ರ ಹೇಳಿ. ಗುಂಪಿಗೆ ಬೇಡ, ಹೆಂಡತಿ ಸ್ಟೇಟಸ್ಸಿಗೂ ಬೇಡ. ಚಿರತೆ ವಿಡಿಯೋ ಬಂದರೆ ಮೊದಲು ಎಲ್ಲಿಯದು, ಯಾವತ್ತಿನದು ಅಂತ ಕೇಳುತ್ತೇನೆ. ಬರುವುದರಲ್ಲಿ ಅರ್ಧಕ್ಕರ್ಧ ಬೇರೆ ರಾಜ್ಯದ್ದು, ಹಳೇದು. ಅಳಿಸಿದರೆ ಹುಡುಗರು ಮುನಿಸಿಕೊಂಡು ಗುಂಪು ಬಿಡುತ್ತಾರೆ. ವಾರ ಬಿಟ್ಟು ಮತ್ತೆ ಸೇರಿಸಿ ಅಣ್ಣ ಅಂತಾರೆ.

ಗೋಡೆ ನಕ್ಷೆಗೆ ಪ್ರತಿ ಯುಗಾದಿಗೆ ಬಣ್ಣ ತೀಡಿಸಬೇಕು. ಕಾಡಿನ ಹಸಿರಿಗೆ ಏನೂ ಆಗುವುದಿಲ್ಲ, ಬಿಸಿಲಿಗೆ ಸ್ವಲ್ಪ ಮಾಸುತ್ತದೆ ಅಷ್ಟೇ. ನಮ್ಮೂರು ಇರುವ ಜಾಗ ಮಾತ್ರ, ಬಂದವರೆಲ್ಲ ಇಲ್ಲೇ ನಾವು ಅಂತ ಬೆರಳು ಒತ್ತಿ ಒತ್ತಿ ಹೆಸರು ಸಮೇತ ಸವೆದು ಹೋಗಿರುತ್ತದೆ. ಮೊನ್ನೆ ದೊಡ್ಡವ್ವ ಪಿಂಚಣಿ ಕಾಗದ ಹಿಡಿದು ಬಂದವಳು ಗೋಡೆ ನೋಡಿ, "ಅಯ್ಯೋ, ಊರ ಎತ್ತಂಗಡಿ ಮಾಡ್ಸೇಬುಟ್ಟಲ್ಲ ಮಗ" ಅಂದಳು. ಈ ಸಲ ಸುಣ್ಣ ಬೇಡ, ಆಯಿಲ್ ಪೇಂಟಿನಲ್ಲೇ ಬರಿ ಅಂತ ಹುಡುಗನಿಗೆ ಹೇಳಿದ್ದೇನೆ.